ಬೆಟ್ಟ ಹತ್ತಿದ ಮಾರನೆಯ ದಿನದ ನಡಿಗೆ

ವಿಭಾಗೀಯ ಕಚೇರಿ, ನಜರ್‌ಬಾದ್, ಮೈಸೂರು
(ಇಲಾಖೆಯ ಹೆಸರಿನ ಫಲಕವು ಬಣ್ಣ ಬಳಿಸಲು ಹೋಗಿದ್ದು, ವಾಪಸು ಬಂದ ಕೂಡಲೇ ಹೆಸರನ್ನು ನಮೂದಿಸಲಾಗುವುದು)

ಸಂಖ್ಯೆ: ನಡಿಗೆ/ಹಾಜರಾತಿ/ಮಂಡಿ/ತಿದ್ದುಪಡಿಯ ತಿದ್ದುಪಡಿ/2025-26
ದಿನಾಂಕ: 14-11-2025

ಸುತ್ತೋಲೆ

ವಿಷಯ: ನೌಕರರು ನಡೆಯುವ ರೀತಿಯನ್ನು ವಿಡಿಯೋದಲ್ಲಿ ವಿಶ್ಲೇಷಿಸಿ ಹಾಜರಾತಿ ದಾಖಲಿಸುವ ವ್ಯವಸ್ಥೆಯಡಿ ಕುಂಟುವಿಕೆಯನ್ನು ಕ್ರಮಬದ್ಧಗೊಳಿಸುವ ಬಗ್ಗೆ, ಹಾಗೂ ಗ್ರೂಪ್ ‘ಡಿ’ ನೌಕರರಾದ ಶ್ರೀಮತಿ ಸಿದ್ದಲಿಂಗಮ್ಮನವರ ಬಲ ಮಂಡಿಯ ಬಗ್ಗೆ.

ಉಲ್ಲೇಖ:
1. ಈ ಕಚೇರಿಯ ಸುತ್ತೋಲೆ: ‘ಎಲ್ಲರೂ ಸಹಜವಾಗಿ ನಡೆಯತಕ್ಕದ್ದು.’
2. ಸದರಿ ಸುತ್ತೋಲೆಯ ತಿದ್ದುಪಡಿ: ‘ಯಾರೂ ಸಹಜವಾಗಿ ನಡೆಯತಕ್ಕದ್ದಲ್ಲ.’
3. ಶ್ರೀಮತಿ ಸಿದ್ದಲಿಂಗಮ್ಮನವರ ರಜೆ ಅರ್ಜಿ.
4. ದ್ವಿತೀಯ ದರ್ಜೆ ಸಹಾಯಕರಾದ ಶ್ರೀ ನಾಗೇಂದ್ರ ಅವರ ಸೊಂಟ ನೋವು.

ಪ್ರಸ್ತಾವನೆ

ಈ ಕಚೇರಿಯಲ್ಲಿ ಹಿಂದೆ ಬೆರಳು ಒತ್ತಿ ಹಾಜರಿ ಹಾಕುವ ಯಂತ್ರವಿತ್ತು. ಬೆರಳು ಒತ್ತಿದ ಮರುಕ್ಷಣವೇ ಬೆರಳಿನ ಒಡೆಯರು ಎದುರಿನ ಹೋಟೆಲಿನ ಸೆಟ್ ದೋಸೆಯ ಕಡೆಗೆ ಹೊರಟುಬಿಡುತ್ತಾರೆಂದು ದೂರುಗಳು ಬಂದಿದ್ದವು. ದೂರಿನಲ್ಲಿ ಹುರುಳಿದೆಯೇ ಎಂದು ಪರಿಶೀಲಿಸಲು ಹೋದ ತನಿಖಾಧಿಕಾರಿಗಳು ಅಲ್ಲಿಯೇ ತಿಂಡಿ ಮುಗಿಸಿ ಬಂದು, ಸಾಗು ಚೆನ್ನಾಗಿದೆ ಎಂದು ವರದಿ ನೀಡಿದರು. ಆದ್ದರಿಂದ ಬೆರಳೊಂದನ್ನೇ ನಂಬದೆ ಇಡೀ ಆಳನ್ನೇ ಗಮನಿಸುವ ಸಲುವಾಗಿ ಕಚೇರಿಯ ಉದ್ದನೆಯ ವರಾಂಡದ ತುದಿಯಲ್ಲಿ ಕ್ಯಾಮೆರಾವೊಂದನ್ನು ಅಳವಡಿಸಲಾಯಿತು.

ಸದರಿ ಕ್ಯಾಮೆರಾವು ಮುಖ ನೋಡುವುದಿಲ್ಲ. ವರಾಂಡದಲ್ಲಿ ನಡೆದು ಬರುವವರ ಭುಜ, ಸೊಂಟ, ಮಂಡಿ, ಹಿಮ್ಮಡಿ ಮುಂತಾದ ಕಡೆಗಳಲ್ಲಿ ಚುಕ್ಕಿ ಇಟ್ಟು, ಚುಕ್ಕಿಗಳನ್ನು ಗೆರೆಯಿಂದ ಕೂಡಿಸಿ, ಆ ಗೆರೆಗಳ ಓಲಾಟದಿಂದಲೇ ಇಂಥವರು ಎಂದು ಹೇಳುತ್ತದೆ. ಮೊದಲ ದಿನ ಕಂಪ್ಯೂಟರಿನ ಪರದೆಯಲ್ಲಿ ತಮ್ಮ ಗೆರೆಯ ಗೊಂಬೆಯನ್ನು ಕಂಡ ಶ್ರೀಮತಿ ಸಿದ್ದಲಿಂಗಮ್ಮನವರು, “ಅಯ್ಯೋ, ನನ್ನೇ ಚುಕ್ಕಿ ಇಟ್ಟು ರಂಗೋಲಿ ಬುಟ್ಬುಟ್ಟವ್ರಲ್ಲ! ಇರ‍್ಲಿ ಬುಡಿ, ನಾನು ಇಷ್ಟು ಸಣ್ಣ ಆಗಿದ್ದು ಮದುವೇಲೇ ಕೊನೆ,” ಎಂದಿದ್ದಾರೆ. ವ್ಯವಸ್ಥೆಯ ಬಗ್ಗೆ ಸಿಬ್ಬಂದಿಯಿಂದ ಬಂದ ಒಂದೇ ಒಂದು ಸಕಾರಾತ್ಮಕ ಅಭಿಪ್ರಾಯ ಇದಾದ ಕಾರಣ ಇಲ್ಲಿ ದಾಖಲಿಸಲಾಗಿದೆ.

ಯಂತ್ರಕ್ಕೆ ಪ್ರತಿಯೊಬ್ಬರ ‘ಮೂಲ ನಡಿಗೆ’ಯನ್ನು ಒಮ್ಮೆ ತೋರಿಸಬೇಕಿತ್ತು. ಅದಕ್ಕಾಗಿ ಏಜೆನ್ಸಿಯವರನ್ನು ಒಂದು ಶನಿವಾರ ಬರಹೇಳಲಾಯಿತು. ಆ ಶನಿವಾರವು ಆಷಾಢದ ಎರಡನೇ ಶುಕ್ರವಾರದ ಮಾರನೆಯ ದಿನವಾಗಿತ್ತು. ಶುಕ್ರವಾರ ಬೆಳಗಿನ ಜಾವ ಇಡೀ ಕಚೇರಿಯು ಹರಕೆ, ಹುರುಪು ಮತ್ತು ಪರಸ್ಪರ ಪೈಪೋಟಿಯಿಂದ ಚಾಮುಂಡಿ ಬೆಟ್ಟವನ್ನು ಮೆಟ್ಟಿಲ ಮೂಲಕ ಹತ್ತಿ, ಪ್ರಸಾದ ತಿಂದು, ಇಳಿದು ಬಂದಿತ್ತು. ಶನಿವಾರ ಯಾರ ಕಾಲೂ ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಗೋಡೆ ಹಿಡಿದವರು ಕೆಲವರು. ಅಡ್ಡಡ್ಡ ನಡೆದವರು ಕೆಲವರು. ಕುರ್ಚಿಯಿಂದ ಏಳುವಾಗ ತಾಯಿಯನ್ನು ನೆನೆದವರು ಎಲ್ಲರೂ. ಏಜೆನ್ಸಿಯವರು ‘ಸಹಜವಾಗಿ ನಡೀರಿ’ ಎಂದರು. ಎಲ್ಲರೂ ಅಂದಿಗೆ ಸಹಜವಾಗಿದ್ದಂತೆ ನಡೆದರು. ಈ ದಿನಾಂಕವನ್ನು ಗೊತ್ತುಪಡಿಸಿದವರು ಯಾರು ಎಂಬ ಪ್ರಶ್ನೆ ಈ ಸುತ್ತೋಲೆಯ ವ್ಯಾಪ್ತಿಗೆ ಬರುವುದಿಲ್ಲವೆಂದು ಕೆಳಗೆ ಸಹಿ ಮಾಡಿರುವವರು ಸ್ಪಷ್ಟಪಡಿಸುತ್ತಾರೆ.

ಬುಧವಾರದ ಹೊತ್ತಿಗೆ ನೋವು ಇಳಿಯಿತು. ಎಲ್ಲರೂ ನೆಟ್ಟಗೆ ನಡೆದು ಬಂದರು. ಯಂತ್ರವು ಎಲ್ಲರನ್ನೂ ‘ಅಪರಿಚಿತ ವ್ಯಕ್ತಿ’ ಎಂದು ಗುರುತಿಸಿ ಇಡೀ ಕಚೇರಿಗೆ ಗೈರುಹಾಜರಿ ಹಾಕಿತು. ಅಂದು ಕಚೇರಿಯಲ್ಲಿ ಯಾರೂ ಇಲ್ಲವೆಂಬ ವಿಷಯವು ಎಂದಿನಂತೆ ಕಾದು ಕುಳಿತಿದ್ದ ಸಾರ್ವಜನಿಕರ ಗಮನಕ್ಕೆ ಬಾರಲಿಲ್ಲ.

ಹಾಜರಿ ಸಿಕ್ಕಿದ್ದು ಸಿಬ್ಬಂದಿಯಲ್ಲಿ ಒಬ್ಬರಿಗೆ ಮಾತ್ರ, ಶ್ರೀಮತಿ ಸಿದ್ದಲಿಂಗಮ್ಮನವರಿಗೆ. ಅವರು ಬೆಟ್ಟ ಹತ್ತಿರಲಿಲ್ಲ. ಪ್ರತಿ ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುವ ಹರಕೆ ಹೊತ್ತು ಕೆಲವು ವರ್ಷಗಳ ಹಿಂದೆ ಹೊರಟಿದ್ದ ಅವರಿಗೆ ನಂದಿಯ ಹತ್ತಿರ ಬಲ ಮಂಡಿ ಕೈಕೊಟ್ಟಿತ್ತು. ಅಂದಿನಿಂದ ಪ್ರತಿ ಆಷಾಢದಲ್ಲೂ ಅವರು ಮೆಟ್ಟಿಲ ಬುಡದಲ್ಲಿ ಕುಳಿತು ಕಚೇರಿಯವರೆಲ್ಲರ ಚಪ್ಪಲಿ ಕಾಯುತ್ತಾರೆ. “ನಂದಿಗಂಟ ಹಚ್ಚಿವ್ನಿ ಸ್ವಾಮಿ, ಅಲ್ಲಿಂದ ಮ್ಯಾಕೆ ಹಂಗೇ ನಿಂತದೆ. ತಾಯಿ ಯಾವತ್ತು ಕರುಸ್ಕತಾಳೋ,” ಎನ್ನುವುದು ಅವರ ವಾಡಿಕೆ. ಅವರು ಶನಿವಾರವೂ ಕುಂಟಿದರು, ಬುಧವಾರವೂ ಕುಂಟಿದರು.

ಮೂಲ ನಡಿಗೆಯನ್ನು ಬದಲಾಯಿಸಲು ಕೇಂದ್ರ ಕಚೇರಿಯ ಅನುಮತಿ ಬೇಕು. ಅನುಮತಿ ಕೋರುವ ಪತ್ರಕ್ಕೆ ಅಂದು ಹಾಜರಿರುವ ಅಧಿಕಾರಿಯೇ ಸಹಿ ಮಾಡಬೇಕು. ಯಂತ್ರದ ಪ್ರಕಾರ ಯಾವ ಅಧಿಕಾರಿಯೂ ಹಾಜರಿರಲಿಲ್ಲ. ಕೊನೆಗೆ ಅಧಿಕಾರಿಗಳು ಕುಂಟಿ ಬಂದು, ಹಾಜರಿ ಪಡೆದು, ಪತ್ರ ಬರೆದರು. ‘ಹಾಜರಾತಿಯು ಸರಿಯಾಗಿಯೇ ದಾಖಲಾಗುತ್ತಿರುವುದರಿಂದ ಬದಲಾವಣೆಯ ಅಗತ್ಯ ಕಂಡುಬರುವುದಿಲ್ಲ’ ಎಂಬ ಉತ್ತರ ಬಂದಿದೆ.

ಮೇಲ್ಕಂಡ ಎಲ್ಲವನ್ನೂ ಕೂಲಂಕಷವಾಗಿ ಪರಿಶೀಲಿಸಿ, ಎರಡು ಬಾರಿ ಕಾಫಿ ತರಿಸಿ, ಈ ಕೆಳಗಿನಂತೆ ಸೂಚಿಸಲಾಗಿದೆ.

1. ಕಚೇರಿಯ ವರಾಂಡದಲ್ಲಿ ಕುಂಟುವುದು ಕಡ್ಡಾಯ. ಆಷಾಢದಲ್ಲಿ ಯಾವ ಕಾಲು ಕುಂಟಿತ್ತೋ ಅದೇ ಕಾಲು ಕುಂಟತಕ್ಕದ್ದು. ಎರಡೂ ಕಾಲು ಕುಂಟಿದ್ದವರು ಸಾಧ್ಯವಾದ ಮಟ್ಟಿಗೆ ಅನುಸರಿಸತಕ್ಕದ್ದು.

2. ಬಡ್ತಿ ಬಂದವರ ನಡಿಗೆಯಲ್ಲಿ ಬಡ್ತಿಯ ಮಾರನೆಯ ದಿನದಿಂದಲೇ ಒಂದು ಗತ್ತು ಕಾಣಿಸಿಕೊಳ್ಳುತ್ತಿದ್ದು, ಎದೆಯ ಚುಕ್ಕಿಗಳು ಮುಂದಕ್ಕೂ ತಲೆಯ ಚುಕ್ಕಿ ಹಿಂದಕ್ಕೂ ಸರಿಯುತ್ತಿರುವುದು ಗಮನಕ್ಕೆ ಬಂದಿದೆ. ಸದರಿ ಗತ್ತನ್ನು ಗೇಟಿನ ಬಳಿ ಬಿಟ್ಟು ಬರತಕ್ಕದ್ದು. ಸಂಜೆ ವಾಪಸು ಪಡೆಯಬಹುದು.

3. ಸೀರೆ ಹಾಗೂ ಪಂಚೆ ಉಟ್ಟವರ ಮಂಡಿ ಎಲ್ಲಿದೆ ಎಂದು ಯಂತ್ರವು ಅಂದಾಜಿನ ಮೇಲೆ ಹೇಳುತ್ತದೆ. ಅಂದಾಜು ತಪ್ಪಿದಾಗ ವರಾಂಡದಲ್ಲಿಯೇ ನಿಂತು ಮಂಡಿಯನ್ನು ತೋರುಬೆರಳಿನಿಂದ ಕ್ಯಾಮೆರಾಕ್ಕೆ ತೋರಿಸುವುದು, ‘ಇಲ್ಲಿದೆ ಕಣಯ್ಯಾ’ ಎಂದು ಗದರಿಸುವುದು ಇತ್ಯಾದಿ ಮಾಡಕೂಡದು. ಯಂತ್ರಕ್ಕೆ ಕಿವಿಯಿಲ್ಲ.

4. ಆಯುಧಪೂಜೆಯಂದು ಕ್ಯಾಮೆರಾಕ್ಕೆ ಹಾಕಿದ ಚೆಂಡುಹೂವಿನ ಹಾರವನ್ನು ಭಕ್ತಿಯಿಂದ ಹಾಗೂ ಅದಕ್ಕಿಂತ ಹೆಚ್ಚಾಗಿ ಸೋಮಾರಿತನದಿಂದ ಇನ್ನೂ ತೆಗೆದಿರುವುದಿಲ್ಲ. ನೇತಾಡುವ ಹಾರವನ್ನು ಯಂತ್ರವು ಪ್ರತಿಯೊಬ್ಬರ ಮೂರನೆಯ ಕೈ ಎಂದು ತಿಳಿದಿದೆ. ಇರುವ ಎರಡು ಕೈಗಳಿಗೇ ಕೆಲಸ ಹೇಳುವುದು ಕಷ್ಟವಾಗಿರುವ ಸಂದರ್ಭದಲ್ಲಿ ಮೂರನೆಯದನ್ನು ಇಲಾಖೆಯು ಒಪ್ಪುವಂತಿಲ್ಲ. ಹಾರವನ್ನು ತೆಗೆಯತಕ್ಕದ್ದು. ಗಾಜಿನ ಮೇಲಿನ ಕುಂಕುಮವನ್ನು ಯಾರು ಒರೆಸಬೇಕು ಎಂಬ ಬಗ್ಗೆ ಪ್ರತ್ಯೇಕ ಸುತ್ತೋಲೆ ಹೊರಡಿಸಲಾಗುವುದು.

5. ದೇವರಾಜ ಮೊಹಲ್ಲಾದಲ್ಲಿ ಪಾತ್ರೆ ಅಂಗಡಿ ನಡೆಸುವ ಶ್ರೀ ಲಕ್ಷ್ಮೀನರಸಿಂಹ ಎಂಬ ನಾಗರಿಕರು ಒಂದು ದೃಢೀಕರಣ ಪತ್ರಕ್ಕಾಗಿ ಈ ಕಚೇರಿಗೆ ಬಹುಕಾಲದಿಂದ ಬರುತ್ತಿದ್ದಾರೆ. ಆ ಶನಿವಾರವೂ ಬಂದು ವರಾಂಡದಲ್ಲಿ ನಡೆದಿದ್ದರಿಂದ ಅವರ ನಡಿಗೆಯೂ ಸಿಬ್ಬಂದಿಯ ಜೊತೆ ಸೇರಿಹೋಗಿದೆ. ಬೆಟ್ಟ ಹತ್ತದ ಕಾರಣ ಅವರ ನಡಿಗೆ ಬದಲಾಗಿಲ್ಲ. ಕೆಲಸ ಆಗದ ಕಾರಣ ಬರುವುದನ್ನು ಬಿಟ್ಟಿಲ್ಲ. ಇದರಿಂದ ಅವರ ಹಾಜರಾತಿ ಪೂರ್ಣವಾಗಿದ್ದು, ಗಳಿಕೆ ರಜೆಯೂ ಜಮೆಯಾಗಿದೆ. ಅವರ ಪತ್ರವನ್ನು ಕೊಟ್ಟುಬಿಟ್ಟರೆ ಅವರು ಬರುವುದು ನಿಂತು ಕಚೇರಿಯ ಸರಾಸರಿ ಹಾಜರಾತಿ ಕುಸಿಯುವುದರಿಂದ ವಿಷಯವನ್ನು ಎಚ್ಚರಿಕೆಯಿಂದ ಪರಿಶೀಲಿಸಲಾಗುತ್ತಿದೆ.

6. ಸಂಜೆ ಮನೆಗೆ ಹೊರಡುವಾಗ ಯಾರೂ ಕುಂಟುತ್ತಿಲ್ಲ. ಅಷ್ಟೇ ಅಲ್ಲ, ಚುಕ್ಕಿ ಇಡುವುದರೊಳಗೆ ಆಸಾಮಿ ಗೇಟು ದಾಟಿರುತ್ತಾರೆ. ಹೊರಡುವಾಗಲೂ ಬಂದಾಗಿನ ನಿರುತ್ಸಾಹವನ್ನೇ ಕಾಯ್ದುಕೊಳ್ಳತಕ್ಕದ್ದು.

7. ಕಾಲ ಕಳೆದಂತೆ ತಾವು ಆಷಾಢದಲ್ಲಿ ಹೇಗೆ ಕುಂಟಿದ್ದೆವೆಂಬುದೇ ಸಿಬ್ಬಂದಿಗೆ ಮರೆತುಹೋಯಿತು. ಶ್ರೀಮತಿ ಸಿದ್ದಲಿಂಗಮ್ಮನವರ ಹಿಂದೆ ಸಾಲಾಗಿ, ಅವರಂತೆಯೇ ಎಡಕ್ಕೆ ಓಲಿ ನಡೆದರೆ ಯಂತ್ರವು ಹೇಗೋ ಒಪ್ಪಿಕೊಳ್ಳುತ್ತದೆ ಎಂದು ಶ್ರೀ ನಾಗೇಂದ್ರ ಅವರು ಕಂಡುಕೊಂಡರು. ಅಂದಿನಿಂದ ಪ್ರತಿ ಬೆಳಿಗ್ಗೆ ಇಡೀ ಕಚೇರಿಯು ಅವರ ಹಿಂದೆ ಮೆರವಣಿಗೆ ಹೊರಡುತ್ತಿತ್ತು. ಹೊರಗಿನವರೊಬ್ಬರು ಚಪ್ಪಲಿ ಬಿಟ್ಟು ಕೈಮುಗಿದು, ಯಾವ ದೇವರ ಉತ್ಸವವೆಂದು ಕೇಳಿದ ಪ್ರಸಂಗವೂ ನಡೆದಿದೆ.

ತಡವಾಗಿ ಬಂದವರು ಮಾತ್ರ ಅವರನ್ನು ಮತ್ತೆ ಕರೆಯತೊಡಗಿದರು. “ಸಿದ್ದಲಿಂಗಮ್ಮಾ, ಇನ್ನೊಂದ್ಸಲ ನಡೀರಮ್ಮ, ನಂದೊಂದು ಬಾಕಿ ಅದೆ.” ಅವರು ಕೈಯಲ್ಲಿದ್ದ ಕಡತವನ್ನು ಕಿಟಕಿಯ ಮೇಲಿಟ್ಟು ಮತ್ತೆ ನಡೆಯುತ್ತಿದ್ದರು. ಬಸ್ಸು ತಪ್ಪಿದವರಿಗಾಗಿ ಒಮ್ಮೆ, ಮಗುವನ್ನು ಶಾಲೆಗೆ ಬಿಟ್ಟು ಬಂದವರಿಗಾಗಿ ಒಮ್ಮೆ, ಸೆಟ್ ದೋಸೆಯವರಿಗಾಗಿ ಒಮ್ಮೆ. ಅವರು ಒಂದು ದಿನವೂ ಇಲ್ಲವೆನ್ನಲಿಲ್ಲ. ಮಂಡಿ ಹೇಗಿದೆಯಮ್ಮ ಎಂದು ಒಂದು ದಿನವೂ ಯಾರೂ ಕೇಳಲಿಲ್ಲ.

8. ದಸರಾ ಕಳೆದ ಮೇಲೆ ಶ್ರೀಮತಿ ಸಿದ್ದಲಿಂಗಮ್ಮನವರು ಮಂಡಿ ಬದಲಿಸುವ ಶಸ್ತ್ರಚಿಕಿತ್ಸೆಗೆ ಆಸ್ಪತ್ರೆಯವರು ದಿನ ಕೊಟ್ಟಿದ್ದಾರೆಂದು ತಿಳಿಸಿ ರಜೆ ಕೋರಿದರು (ಉಲ್ಲೇಖ 3). ಅರ್ಜಿಯನ್ನು ಪರಿಶೀಲಿಸಿದಾಗ ಎರಡು ತೊಡಕುಗಳು ಕಂಡುಬಂದವು. (ಅ) ಅವರು ರಜೆಯಲ್ಲಿ ಹೋದರೆ ಇಡೀ ಕಚೇರಿಯು ಗೈರುಹಾಜರಾಗುತ್ತದೆ. (ಆ) ಮಂಡಿ ಸರಿಯಾಗಿ ನೆಟ್ಟಗೆ ನಡೆದು ಬಂದರೆ ಅವರೇ ಅಪರಿಚಿತ ವ್ಯಕ್ತಿಯಾಗುತ್ತಾರೆ. ಆದ್ದರಿಂದ ‘ಸದರಿ ಮಂಡಿಯನ್ನು ಸಾರ್ವಜನಿಕ ಹಿತದೃಷ್ಟಿಯಿಂದ ಆರ್ಥಿಕ ವರ್ಷದ ಕೊನೆಯವರೆಗೆ ಯಥಾಸ್ಥಿತಿಯಲ್ಲಿ ಕಾಯ್ದುಕೊಳ್ಳತಕ್ಕದ್ದು’ ಎಂದು ಷರಾ ಬರೆಯಲಾಯಿತು. ಷರಾ ಬರೆದವರ ಕೈಬರಹ ಚೆನ್ನಾಗಿದೆ. ಆಸ್ಪತ್ರೆಯ ದಿನ ಕಳೆದುಹೋಯಿತು. ಸಿದ್ದಲಿಂಗಮ್ಮನವರು, “ಆಗ್ಲಿ ಸ್ವಾಮಿ, ನಿಮ್ಗೆಲ್ಲಾ ತೊಂದ್ರೆ ಆಗ್ಬಾರ‍್ದು,” ಎಂದು ಹೇಳಿ ಕಡತ ಎತ್ತಿಕೊಂಡು ಹೋದರು.

9. ಶ್ರೀ ನಾಗೇಂದ್ರ ಅವರ ವಿಚಾರ. ಇವರು ಯಾರ ನಡಿಗೆಯನ್ನಾದರೂ ಅಣಕಿಸಬಲ್ಲ ಪ್ರತಿಭಾವಂತರು. ಸಿದ್ದಲಿಂಗಮ್ಮನವರ ನಡಿಗೆಯನ್ನು ಅವರ ಬೆನ್ನ ಹಿಂದೆ ಮಾಡಿ ತೋರಿಸಿ ಕಚೇರಿಯನ್ನು ನಗಿಸುವುದು ಇವರ ಹಳೆಯ ಹವ್ಯಾಸ. ನಕ್ಕವರಲ್ಲಿ ಅಧಿಕಾರಿಗಳೂ ಇದ್ದರು. ಈಗ ಅದೇ ಅಣಕವು ಸರ್ಕಾರಿ ಕರ್ತವ್ಯವಾದ ಕಾರಣ ಇವರು ಒಂಟಿಕೊಪ್ಪಲಿನ ತಮ್ಮ ಮನೆಯ ಹಜಾರದಲ್ಲಿಯೂ ಅಭ್ಯಾಸ ಮಾಡತೊಡಗಿದರು. ಇವರ ಪತ್ನಿ ಶ್ರೀಮತಿ ನಯನಾ ಅವರು ಆಸ್ಪತ್ರೆಯೊಂದರಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದು, ಜನ ನಡೆಯುವುದನ್ನು ಇಂಥದೇ ಚುಕ್ಕಿ ಗೆರೆಗಳ ವಿಡಿಯೋದಲ್ಲಿ ನೋಡಿ ಯಾವ ಕೀಲು ಸವೆದಿದೆ ಎಂದು ಹೇಳುವುದು ಅವರ ಕೆಲಸ.

ಪತ್ನಿ ಗಂಡನ ನಡಿಗೆಯನ್ನು ಕಂಡು ನಗಲಿಲ್ಲ. “ಯಾರ‍್ದು ಈ ನಡಿಗೆ? ನೀವು ಆಟ ಆಡ್ತಿರೋದು ಗೊತ್ತು ಕಣ್ರೀ. ಆದ್ರೆ ಇದು ಯಾರೋ ನಿಜವಾಗ್ಲೂ ನಡೆಯೋ ನಡಿಗೆ. ಅವ್ರ ಬಲಗಡೆ ಮಂಡಿ ಪೂರ್ತಿ ಮಡಚ್ತಾನೂ ಇಲ್ಲ, ನೆಟ್ಟಗೂ ಆಗ್ತಿಲ್ಲ. ಮೈಭಾರ ಎಲ್ಲಾ ಎಡಗಡೆ ಸೊಂಟ ಹೊರ‍್ತಿದೆ. ನಿಮ್ಗೆ ಸೊಂಟ ನೋವು ಬಂದಿರೋದು ಯಾಕೆ ಅಂದ್ಕೊಂಡ್ರಿ?” ಎಂದು ಕೇಳಿದರು. ನಾಗೇಂದ್ರ ಅವರಿಗೆ ನಿಜವಾಗಿಯೂ ಸೊಂಟ ನೋವು ಬಂದಿತ್ತು. ದಿನಕ್ಕೆ ಒಂದೆರಡು ಬಾರಿ, ಒಂದು ವರಾಂಡದಷ್ಟು ದೂರ ನಡೆದದ್ದಕ್ಕೆ ತನಗೆ ಹೀಗಾದರೆ ದಿನವಿಡೀ ಮೂರು ಮಹಡಿಗೆ ಕಡತ ಹೊರುವ ಹೆಂಗಸಿಗೆ ಹೇಗಾಗಿರಬೇಡ ಎಂಬ ಯೋಚನೆ ಬಂದು ಅವರು ಆ ರಾತ್ರಿ ಸರಿಯಾಗಿ ಊಟ ಮಾಡಲಿಲ್ಲವೆಂದು ಲಿಖಿತವಾಗಿ ತಿಳಿಸಿದ್ದಾರೆ.

10. ಕಳೆದ ಸೋಮವಾರದ ಘಟನೆ. ಎಂದಿನಂತೆ ಸಾಲು ಹೊರಟಿತು. ಮುಂದೆ ಸಿದ್ದಲಿಂಗಮ್ಮನವರು, ಹಿಂದೆ ಕಚೇರಿ. ಯಂತ್ರವು ಮೊಟ್ಟಮೊದಲ ಬಾರಿಗೆ ಸಿದ್ದಲಿಂಗಮ್ಮನವರನ್ನೇ ‘ಅಪರಿಚಿತ ವ್ಯಕ್ತಿ’ ಎಂದಿತು. ಅವರ ಹಿಂದಿದ್ದವರೆಲ್ಲರೂ ಸಾಲಾಗಿ ಗೈರುಹಾಜರಾದರು. ಮತ್ತೆ ನಡೆಸಲಾಯಿತು, ಮತ್ತೆ ಅದೇ. ಸಾಲಿನಿಂದ, “ಏನಮ್ಮಾ, ಸರ‍್ಯಾಗಿ ಕುಂಟಮ್ಮ, ಹೊತ್ತಾಯ್ತದೆ!” ಎಂಬ ಕೂಗು ಬಂತು. ಕೂಗಿದವರು ಕೆಳಗೆ ಸಹಿ ಮಾಡಿರುವವರು.

ಸಿದ್ದಲಿಂಗಮ್ಮನವರು ಗೋಡೆ ಹಿಡಿದು ನಿಂತರು. “ಇದ್ಕಿಂತ ಎಂಗೆ ಕುಂಟ್ಲಿ ಸ್ವಾಮಿ? ಆಷಾಢದಲ್ಲಿದ್ದ ನೋವು ಈಗ ಇನ್ನೂ ಜಾಸ್ತಿ ಆಗದೆ. ನೋವ್ಗೂ ಅಳತೆ ಇಟ್ಬುಟ್ರಾ ನೀವು?” ಎಂದರು. ಸೆರಗಿನಿಂದ ಮುಖ ಒರೆಸಿಕೊಂಡರು. ಅವರು ಹೀಗೆ ದನಿಯೇರಿಸಿ ಮಾತನಾಡಿದ್ದನ್ನು ಈ ಕಚೇರಿಯು ಹಿಂದೆಂದೂ ಕೇಳಿರಲಿಲ್ಲ. ಕಚೇರಿಗೆ ನಾಚಿಕೆಯಾಯಿತು. ನಾಚಿಕೆಯನ್ನು ದಾಖಲಿಸಲು ನಿಯಮಗಳಲ್ಲಿ ಅವಕಾಶವಿಲ್ಲದಿದ್ದರೂ ವಿಶೇಷ ಪ್ರಕರಣವೆಂದು ಪರಿಗಣಿಸಿ ದಾಖಲಿಸಲಾಗಿದೆ.

11. ಅಂದೇ ಸಂಜೆ ಶ್ರೀ ನಾಗೇಂದ್ರ ಅವರು ಸಿದ್ದಲಿಂಗಮ್ಮನವರ ಒಪ್ಪಿಗೆ ಪಡೆದು, ಯಂತ್ರದಲ್ಲಿದ್ದ ಅವರ ಆಷಾಢದ ಚುಕ್ಕಿಗೊಂಬೆಯನ್ನೂ ಕಾರ್ತಿಕದ ಚುಕ್ಕಿಗೊಂಬೆಯನ್ನೂ ಮೊಬೈಲಿನಲ್ಲಿ ತೆಗೆದುಕೊಂಡು ಹೋಗಿ ಪತ್ನಿಗೆ ತೋರಿಸಿದರು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ನಮ್ಮಂಥವರಿಗೂ ತಿಳಿಯುವಂತಿತ್ತು: ಮೊದಲನೆಯ ಗೊಂಬೆ ಓಲುತ್ತದೆ, ಎರಡನೆಯದು ಬಲಗಾಲನ್ನು ಎಳೆಯುತ್ತದೆ. ಶ್ರೀಮತಿ ನಯನಾ ಅವರು, “ನಾಲ್ಕು ತಿಂಗಳು ದಿನಾ ನೋಡಿದೀರ, ಒಬ್ರಿಗೂ ಕಾಣಲಿಲ್ವಾ? ಇನ್ನು ಒಂದು ವಾರಾನೂ ಕಾಯ್ಸೋ ಹಾಗಿಲ್ಲ. ನಾನೇ ಡಾಕ್ಟ್ರ ಹತ್ರ ಮಾತಾಡ್ತೀನಿ,” ಎಂದರು. ಹೊಸ ದಿನ ಸಿಕ್ಕಿದೆ. ಈ ಯಂತ್ರವು ಅಳವಡಿಸಿದಂದಿನಿಂದ ಹೇಳಿದ ಒಂದೇ ಒಂದು ನಿಜ ಸಂಗತಿ ಸಿದ್ದಲಿಂಗಮ್ಮನವರ ಮಂಡಿಯದ್ದು. ಅದನ್ನು ಇಲಾಖೆಯು ಗೈರುಹಾಜರಿ ಎಂದು ಓದಿಕೊಂಡಿತು.

12. ಆದ್ದರಿಂದ ಯಥಾಸ್ಥಿತಿಯ ಷರಾವನ್ನು ಈ ಮೂಲಕ ಹೊಡೆದುಹಾಕಲಾಗಿದೆ. ಶ್ರೀಮತಿ ಸಿದ್ದಲಿಂಗಮ್ಮನವರ ರಜೆಯನ್ನು ವೈದ್ಯರು ಹೇಳಿದಷ್ಟು ಕಾಲಕ್ಕೆ ಮಂಜೂರು ಮಾಡಲಾಗಿದೆ. ಅವರಿಲ್ಲದ ಅವಧಿಯಲ್ಲಿ ಸಿಬ್ಬಂದಿಯು ಗೈರುಹಾಜರಾಗಿಯೇ ಕಚೇರಿಗೆ ಬಂದು ಗೈರುಹಾಜರಾಗಿಯೇ ಕೆಲಸ ಮಾಡತಕ್ಕದ್ದು. ಕ್ರಮಸಂಖ್ಯೆ 1ರಲ್ಲಿ ಏನೇ ಹೇಳಿದ್ದರೂ ಕುಂಟುವುದನ್ನು ಇಂದಿನಿಂದ ನಿಷೇಧಿಸಲಾಗಿದೆ. ಅಣಕಿಸುವುದನ್ನೂ ನಿಷೇಧಿಸಲಾಗಿದೆ.

13. ರಜೆ ಮುಗಿಸಿ ಅವರು ನೆಟ್ಟಗೆ ನಡೆದು ಬಂದಾಗ ಯಂತ್ರವು ಅವರನ್ನು ಅಪರಿಚಿತ ವ್ಯಕ್ತಿ ಎಂದರೆ, ಅಲ್ಲಿದ್ದವರು ಎದ್ದು ನಿಂತು, ಮುಖ ನೋಡಿ, ‘ಬನ್ನಿ ಸಿದ್ದಲಿಂಗಮ್ಮ, ಮಂಡಿ ಹೇಗಿದೆ?’ ಎಂದು ಕೇಳಿ ಕೈಯಿಂದಲೇ ಹಾಜರಿ ಹಾಕತಕ್ಕದ್ದು. ಕೇಳಲು ಮರೆತವರಿಗೆ ಅಂದಿನ ಹಾಜರಿ ಇಲ್ಲ.

14. ಮುಂದಿನ ಆಷಾಢದ ಎರಡನೇ ಶುಕ್ರವಾರ, ವೈದ್ಯರು ಒಪ್ಪಿದಲ್ಲಿ, ಶ್ರೀಮತಿ ಸಿದ್ದಲಿಂಗಮ್ಮನವರನ್ನು ನಂದಿಯವರೆಗೆ ಇಲಾಖೆಯ ಜೀಪಿನಲ್ಲಿ ಕರೆದೊಯ್ಯತಕ್ಕದ್ದು. ಅಲ್ಲಿಂದ ಮೇಲಿನ ಮೆಟ್ಟಿಲುಗಳಿಗೆ ಅವರು ಅರಿಶಿನ ಕುಂಕುಮ ಹಚ್ಚುವಾಗ ಬಟ್ಟಲನ್ನು ಶ್ರೀ ನಾಗೇಂದ್ರ ಅವರು ಹಿಡಿಯತಕ್ಕದ್ದು. ಕಚೇರಿಯವರ ಚಪ್ಪಲಿಗಳನ್ನು ಕೆಳಗೆ ಸಹಿ ಮಾಡಿರುವವರು ಖುದ್ದಾಗಿ ಕಾಯತಕ್ಕದ್ದು.

15. ಹೊಸ ಮೂಲ ನಡಿಗೆಯನ್ನು ಅದರ ಮಾರನೆಯ ದಿನ, ಅಂದರೆ ಶನಿವಾರವೇ ತೆಗೆಯತಕ್ಕದ್ದು. ದಿನಾಂಕದಲ್ಲಿ ಈ ಬಾರಿ ಯಾವುದೇ ತಪ್ಪಾಗಿರುವುದಿಲ್ಲ. ಅಂದು ಶ್ರೀಮತಿ ಸಿದ್ದಲಿಂಗಮ್ಮನವರು ಬೆಟ್ಟ ಹತ್ತಿದ ನೋವಿನಿಂದ ಎಲ್ಲರಂತೆ ಕುಂಟತಕ್ಕದ್ದು, ಮತ್ತು ಬುಧವಾರದ ಹೊತ್ತಿಗೆ ಎಲ್ಲರಂತೆ ನಿಲ್ಲಿಸತಕ್ಕದ್ದು.

ಸಹಿ/-
(ಮಹದೇವಪ್ರಸಾದ್)
ಕಚೇರಿ ಅಧೀಕ್ಷಕರು
(ಸಹಿ ಮಾಡುವ ವೇಳೆಯಲ್ಲಿ ಯಂತ್ರದ ಪ್ರಕಾರ ಗೈರುಹಾಜರು)

ಪ್ರತಿಗಳು:
1. ಕೇಂದ್ರ ಕಚೇರಿಗೆ, ಮಾಹಿತಿಗಾಗಿ. ಉತ್ತರ ಬೇಕಾಗಿಲ್ಲ.
2. ಕ್ಯಾಮೆರಾ ಏಜೆನ್ಸಿಯವರಿಗೆ, ಇನ್ನು ಮುಂದೆ ಪಂಚಾಂಗ ನೋಡಿಕೊಂಡು ಬರುವ ಕೋರಿಕೆಯೊಂದಿಗೆ.
3. ಶ್ರೀ ಲಕ್ಷ್ಮೀನರಸಿಂಹ, ದೇವರಾಜ ಮೊಹಲ್ಲಾ ಇವರಿಗೆ. ತಮ್ಮ ಪತ್ರ ಸಿದ್ಧವಾಗಿದೆ. ಇಷ್ಟು ದಿನದ ಸೇವೆಯನ್ನು ಇಲಾಖೆಯು ಸ್ಮರಿಸುತ್ತದೆ.
4. ಎದುರಿನ ಹೋಟೆಲಿನ ಮಾಲೀಕರಿಗೆ, ಸೂಕ್ತ ಸಿದ್ಧತೆಗಾಗಿ.
5. ಶ್ರೀಮತಿ ನಯನಾ, ಒಂಟಿಕೊಪ್ಪಲ್ ಇವರಿಗೆ, ವಂದನೆಗಳೊಂದಿಗೆ.
6. ಶ್ರೀ ನಾಗೇಂದ್ರ ಇವರಿಗೆ, ಸ್ವಂತ ನಡಿಗೆಯನ್ನು ಮತ್ತೆ ರೂಢಿ ಮಾಡಿಕೊಳ್ಳುವಂತೆ.
7. ಶ್ರೀಮತಿ ಸಿದ್ದಲಿಂಗಮ್ಮನವರಿಗೆ, ಆಸ್ಪತ್ರೆಯ ವಿಳಾಸಕ್ಕೆ. ತಮ್ಮ ಚಪ್ಪಲಿಯ ಬಣ್ಣವನ್ನು ಮುಂಚಿತವಾಗಿ ತಿಳಿಸಲು ಕೋರಿದೆ. ಕಾಯುವವರಿಗೆ ಗುರುತು ಸಿಗಬೇಕಾಗಿದೆ.